ಫ್ರಿಕ್ಷನ್ ಸ್ಟಿರ್ ವೆಲ್ಡಿಂಗ್: ಅಲ್ಯೂಮಿನಿಯಂ ಬೆಸುಗೆಯ ಸೂಕ್ಷ್ಮರಚನೆ ಮತ್ತು ಸಂಕ್ಷಾರಣ

ಫ್ರಿಕ್ಷನ್ ಸ್ಟಿರ್ ವೆಲ್ಡಿಂಗ್ ಲೋಹವನ್ನು ಕರಗಿಸದೆಯೇ ಬೆಸೆಯುವ ವಿಧಾನ. ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ದ ವೆಲ್ಡಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ವೇಯ್ನ್ ಥಾಮಸ್ ಮತ್ತು ಸಂಗಡಿಗರು ರೂಪಿಸಿದ ಇದಕ್ಕೆ 1991ರ ಡಿಸೆಂಬರ್‌ನಲ್ಲಿ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಗಟ್ಟಿ ಉಕ್ಕಿನ ಟೂಲ್ ತಿರುಗುತ್ತಲೇ ಎರಡು ತಗಡುಗಳ ಸಂದಿಗೆ ತನ್ನ ಪಿನ್ನನ್ನು ಇಳಿಸುತ್ತದೆ. ಪಿನ್ನಿನ ಮೇಲಿರುವ ಅಗಲವಾದ ಶೋಲ್ಡರ್ ತಗಡಿನ ಮೈಯನ್ನು ಉಜ್ಜಿ ಕಾಯಿಸುತ್ತದೆ. 400–500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾದ ಅಲ್ಯೂಮಿನಿಯಂ, ನಾದಿದ ರೊಟ್ಟಿಹಿಟ್ಟಿನಂತೆ, ಪಿನ್ನನ್ನು ಬಳಸಿಕೊಂಡು ಹೋಗಿ ಹಿಂದೆ ಕೂಡಿಕೊಳ್ಳುತ್ತದೆ.

ಇದರ ಅಗತ್ಯ ಹಳೆಯದು. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್, ತಾಮ್ರ ಬೆರೆತ ಅಲ್ಯೂಮಿನಿಯಂ ಕಾಯಿಸಿ ತಣಿಸಿದ ಮೇಲೆ ದಿನ ಕಳೆದಂತೆ ಗಡುಸಾಗುವುದನ್ನು ಗಮನಿಸಿದ. ವಿಮಾನಗಳಿಗೆ ಬೇಕಾದ 2024, 7075ರಂಥ ಮಿಶ್ರಲೋಹಗಳು ಬೆಳೆದದ್ದು ಅದೇ ಗುಣದ ಮೇಲೆ. ಆದರೆ ಕರಗಿಸಿ ಬೆಸೆದರೆ ಅವು ಬಿರುಕು ಬಿಡುತ್ತಿದ್ದವು, ಹಾಗಾಗಿ ರಿವೆಟ್ಟೇ ಗತಿಯಾಗಿತ್ತು. ಹೊಸ ವಿಧಾನ ಮೊದಲು ಸ್ಕ್ಯಾಂಡಿನೇವಿಯಾದಲ್ಲಿ ಮೀನುಹಡಗುಗಳ ಶೀತಲ ಕೋಣೆಯ ಹಲಗೆಗಳಿಗೆ ಬಂತು. 1999ರಲ್ಲಿ ಡೆಲ್ಟಾ-2 ರಾಕೆಟ್ಟಿನೊಂದಿಗೆ ಮೇಲೇರಿತು.

ಬೆಸುಗೆಯನ್ನು ಅಡ್ಡಲಾಗಿ ಕೊಯ್ದು, ಪಾಲಿಶ್ ಮಾಡಿ, ಆಮ್ಲ ಸವರಿದರೆ ಒಳಗಿನ ಪಟ್ಟಿಗಳು ಕಾಣುತ್ತವೆ. ನಡುವೆ ನಗೆಟ್: ಈರುಳ್ಳಿ ಕತ್ತರಿಸಿದಾಗ ಕಾಣುವಂಥ ಬಳೆಗಳು, ಕೆಲವೇ ಮೈಕ್ರೋಮೀಟರ್ ಗಾತ್ರದ ಹೊಸ ಹರಳುಗಳು. ಅದರ ಮಗ್ಗುಲಲ್ಲಿ ಬಾಗಿ ತಿರುಚಿಕೊಂಡ ಹಳೆಯ ಹರಳುಗಳು. ಅದರಾಚೆಗೆ ಟೂಲ್ ಮುಟ್ಟದ, ಬರೀ ಶಾಖ ತಾಕಿದ ವಲಯ. ಅಲ್ಲಿನ ಹರಳುಗಳು ಬೆಸೆಯುವ ಮುಂಚಿನಂತೆಯೇ ಕಾಣುತ್ತವೆ. ಈ ಕೊನೆಯ ಪಟ್ಟಿಯೇ ಮೋಸಗಾತಿ: ಕಣ್ಣಿಗೆ ಕಾಣದ ಬದಲಾವಣೆ ಅದರೊಳಗೆ ಆಗಿರುತ್ತದೆ. 1997ರಲ್ಲಿ ರೋಡ್ಸ್ ಮತ್ತು ಸಹೋದ್ಯೋಗಿಗಳು 7075ರ ಸೂಕ್ಷ್ಮರಚನೆಯನ್ನು ವರದಿ ಮಾಡಿದರು. ಎರಡು ವರ್ಷಗಳ ಬಳಿಕ ಅದೇ ಮಿಶ್ರಲೋಹದ ಬೆಸುಗೆಯಲ್ಲಿ ಹರಳುಗಳ ಅಂಚನ್ನೇ ಹಿಡಿದು ಲೋಹವನ್ನು ತಿನ್ನುತ್ತಾ ಸಾಗುವ ಸಂಕ್ಷಾರಣವನ್ನು ಲಮ್ಸ್‌ಡೆನ್ ಮತ್ತು ಸಂಗಡಿಗರು ವಿವರಿಸಿದರು. 1999ರಲ್ಲೇ ಫ್ರಾಂಕೆಲ್ ಮತ್ತು ಶಿಯಾ 5454 ಮಿಶ್ರಲೋಹದಲ್ಲಿ ಕುಳಿಗಳು ಬೆಸುಗೆಯೊಳಗಲ್ಲ, ಶಾಖ ತಾಕಿದ ವಲಯದಲ್ಲಿ ಬೀಳುವುದನ್ನು ಕಂಡರು. ಕರಗದ ಲೋಹ ಕೆಡುವುದಿಲ್ಲವೆಂಬ ಭರವಸೆ ಅರ್ಧ ಸತ್ಯವಷ್ಟೇ ಆಗಿತ್ತು.

ಕಾರಣ ಪ್ರಕ್ಷೇಪಗಳಲ್ಲಿದೆ, ಅಂದರೆ ಮಿಶ್ರಲೋಹದೊಳಗೆ ಬೇರ್ಪಟ್ಟು ಅದನ್ನು ಗಡುಸಾಗಿಸುವ ಸಣ್ಣ ಕಣಗಳಲ್ಲಿ. ಶಾಖ ತಾಕಿದಾಗ ಹರಳಿನೊಳಗಿನ ಸಣ್ಣ ಪ್ರಕ್ಷೇಪಗಳು ದಪ್ಪಗಾಗುತ್ತವೆ. 7075ರಲ್ಲಿ ಸತು-ಮೆಗ್ನೀಸಿಯಂ ಸಂಯುಕ್ತ ಹರಳುಗಳ ಅಂಚಿನಲ್ಲಿ ಸಾಲುಗಟ್ಟುತ್ತದೆ. 2024 ಮಿಶ್ರಲೋಹದಲ್ಲಿ ಅಂಚು ತಾಮ್ರವನ್ನು ಸೆಳೆದುಕೊಂಡು, ಪಕ್ಕದ ಲೋಹ ತಾಮ್ರ ಕಳೆದುಕೊಳ್ಳುತ್ತದೆ. ಉಪ್ಪುನೀರು ಬಿದ್ದಾಗ ತಾಮ್ರ ಕಳೆದುಕೊಂಡ ಆ ತೆಳು ಪದರ ಆನೋಡ್ ಆಗಿ ಕರಗುತ್ತದೆ. ಸುತ್ತಲಿನ ವಿಶಾಲ ತಗಡು ಕ್ಯಾಥೋಡ್ ಆಗುವುದರಿಂದ ಕಿರಿದಾದ ಜಾಗದಲ್ಲಿ ದಾಳಿ ಆಳಕ್ಕೆ ಇಳಿಯುತ್ತದೆ.

ದಾಳಿಯ ಜಾಗವೂ ಸ್ಥಿರವಲ್ಲ. 2007ರಲ್ಲಿ ಪ್ರಕಟವಾದ ಜರಿಯಾಬೂನ್ ಮತ್ತು ಸಂಗಡಿಗರ ಅಧ್ಯಯನದಂತೆ, 2024 ಮಿಶ್ರಲೋಹದಲ್ಲಿ ಟೂಲ್ ನಿಧಾನವಾಗಿ ತಿರುಗಿದರೆ ನಗೆಟ್ಟಿನಲ್ಲೂ, ವೇಗವಾಗಿ ತಿರುಗಿದರೆ ಶಾಖ ತಾಕಿದ ವಲಯದಲ್ಲೂ ಸಂಕ್ಷಾರಣ ಹೆಚ್ಚು. ಲೋಹ ಹರಿಯುವ ಬಗೆಯ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರ್ ಮತ್ತು ಸತೀಶ್ ಕೈಲಾಸ್ 2008ರಲ್ಲಿ ಪ್ರಕಟಿಸಿದ ಕೆಲಸ ಹೆಸರಾಯಿತು: ತಗಡನ್ನು ಓರೆಯಾಗಿಟ್ಟು ಟೂಲ್‌ನ ಒತ್ತನ್ನು ನಿರಂತರವಾಗಿ ಏರಿಸುತ್ತಾ ಹೋಗಿ, ಪಿನ್ನು ನಡೆಸುವ ಹರಿವನ್ನೂ ಶೋಲ್ಡರ್ ನಡೆಸುವ ಹರಿವನ್ನೂ ಅವರು ಬೇರೆಬೇರೆಯಾಗಿ ತೋರಿಸಿದರು.

ಪರಿಹಾರಗಳಲ್ಲಿ ಪೂರ್ತಿ ನಿರಾಳವಾದದ್ದು ಯಾವುದೂ ಇಲ್ಲ. ಬೆಸೆದ ಮೇಲೆ ಮತ್ತೆ ಕಾಯಿಸಿ ಹದಗೊಳಿಸಿದರೆ ಸಂಕ್ಷಾರಣ ತಗ್ಗಬಹುದು, ಬಲವೂ ತಗ್ಗಬಹುದು. ಇಡೀ ತುಂಡನ್ನು ಹೆಚ್ಚು ಶಾಖಕ್ಕೆ ಒಡ್ಡಿದರೆ ನಗೆಟ್ಟಿನ ಸಣ್ಣ ಹರಳುಗಳಲ್ಲಿ ಕೆಲವು ಮಿತಿಮೀರಿ ಬೆಳೆದುಬಿಡುತ್ತವೆ. ಹಾಗೇ ಬಿಟ್ಟರೂ 7075 ಸುಮ್ಮನಿರುವುದಿಲ್ಲ. ಕೋಣೆಯ ಉಷ್ಣತೆಯಲ್ಲೇ ವರ್ಷಗಟ್ಟಲೆ ಗಡುಸಾಗುತ್ತಾ ಹೋಗುತ್ತದೆ. ಆದ್ದರಿಂದ ಪರೀಕ್ಷೆಯ ಫಲಿತಾಂಶದ ಜೊತೆಗೆ ಬೆಸೆದು ಎಷ್ಟು ದಿನವಾಗಿತ್ತು ಎಂಬುದನ್ನೂ ದಾಖಲಿಸಬೇಕಾಗುತ್ತದೆ.