ಶೀತದೇಶದ ವರ್ತಕ ಕಂಡ ನಮ್ಮ ನಾಡು

ಪ್ಯಾರೀಸ್ ಕಾರ್ನರಿನಲ್ಲಿ ಬಸ್ಸಿಳಿದು ಕಚೇರಿಗೆ ನಡೆಯುವ ನಮ್ಮಂಥವರಿಗೆ ಎದುರಿಗಿರುವ ಬಂದರು ದಿನವೂ ಕಾಣುವಂಥದು. ಆದ್ದರಿಂದ ನಾವು ಅದನ್ನು ನೋಡುವುದೇ ಇಲ್ಲ. 2019ರಲ್ಲಿ ಈ ಬಂದರಿನಿಂದ ರಷ್ಯಾದ ಪೂರ್ವ ತುದಿಯಲ್ಲಿರುವ ವ್ಲಾಡಿವೊಸ್ತೋಕ್ ಬಂದರಿಗೆ ನೇರ ಹಡಗು ಮಾರ್ಗ ತೆರೆಯಬೇಕೆಂದು ಎರಡು ಸರ್ಕಾರಗಳೂ ಒಪ್ಪಿಕೊಂಡವು. ಸುಮಾರು 5,600 ನಾವಿಕ ಮೈಲಿಗಳ ಹಾದಿ. ಆ ಸುದ್ದಿ ಓದಿದಾಗಿನಿಂದ ನಮಗೊಂದು ಕುತೂಹಲ: ಆ ದೂರದ ಉತ್ತರದೇಶದವರು ಮೊದಲು ನಮ್ಮ ಕಡೆಗೆ ಬಂದದ್ದು ಯಾವಾಗ? ಬಂದು ಕಂಡದ್ದೇನು?

ಮೊದಲು ಆ ದೇಶದ ಅಳತೆಯನ್ನು ತಿಳಿದುಕೊಳ್ಳೋಣ. ರಷ್ಯಾದ ವಿಸ್ತೀರ್ಣ ಸುಮಾರು 171 ಲಕ್ಷ ಚದರ ಕಿಲೋಮೀಟರು. ನಮ್ಮ ಭಾರತದ ಐದು ಪಟ್ಟಿಗೂ ಹೆಚ್ಚು. ಪೂರ್ವದಿಂದ ಪಶ್ಚಿಮಕ್ಕೆ ಹನ್ನೊಂದು ಗಡಿಯಾರದ ವೇಳೆಗಳು. ಮಾಸ್ಕೋದಿಂದ ವ್ಲಾಡಿವೊಸ್ತೋಕಿಗೆ ರೈಲು ಹಾದಿ ಸುಮಾರು 9,290 ಕಿಲೋಮೀಟರು. ಉತ್ತರದ ಅಂಚಿನಲ್ಲಿ ಮರ ಬೆಳೆಯದ ತುಂದ್ರಾ, ಅದರ ಕೆಳಗೆ ಮುಗಿಯದ ಸೂಚೀಪರ್ಣದ ಕಾಡು, ದಕ್ಷಿಣದಲ್ಲಿ ಗೋಧಿ ಬೆಳೆಯುವ ಕಪ್ಪುಮಣ್ಣಿನ ಬಯಲು. ದೇಶದ ಅರ್ಧಕ್ಕೂ ಹೆಚ್ಚು ಭಾಗದಲ್ಲಿ ನೆಲದೊಳಗಿನ ಮಣ್ಣು ಬೇಸಿಗೆಯಲ್ಲಿಯೂ ಹೆಪ್ಪುಗಟ್ಟಿಯೇ ಇರುತ್ತದೆ. ಯಾಕುತ್ಸ್ಕ್ ಪಟ್ಟಣದಲ್ಲಿ ದೊಡ್ಡ ಕಟ್ಟಡಗಳನ್ನು ಕಂಬಗಳ ಮೇಲೆ ಎತ್ತಿ ಕಟ್ಟುತ್ತಾರೆ. ಇಲ್ಲವಾದರೆ ಮನೆಯೊಳಗಿನ ಬಿಸಿಗೆ ಕೆಳಗಿನ ನೆಲ ಕರಗಿ ಕಟ್ಟಡ ಕುಸಿಯುತ್ತದೆ. ಆ ಸೀಮೆಯಲ್ಲಿ ಚಳಿಗಾಲದ ಉಷ್ಣತೆ ಸೊನ್ನೆಗಿಂತ 67 ಡಿಗ್ರಿ ಕೆಳಗೆ ಇಳಿದದ್ದೂ ಉಂಟು. ಕಾರಣವನ್ನು ಶಾಲೆಯಲ್ಲಿ ಓದಿದ್ದೇವೆ: ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಕಡಲ ಮಗ್ಗುಲಲ್ಲಿರುವ ಮದರಾಸಿಗೆ ಆ ಉಪಕಾರವಿದೆ. ಕಡಲಿನಿಂದ ಬಹುದೂರ ಒಳಗಿರುವ ಸೈಬೀರಿಯದ ಆ ಸೀಮೆಗೆ ಅದಿಲ್ಲ.

ಆ ದೇಶದಲ್ಲಿ ನೂರಕ್ಕೂ ಹೆಚ್ಚು ಜನಾಂಗಗಳಿವೆ. ವೋಲ್ಗಾ ತೀರದಲ್ಲಿ ತಾತಾರ ಮುಸಲ್ಮಾನರು, ಬೈಕಲ್ ಸರೋವರದ ಬಳಿ ಬೌದ್ಧ ಬುರ್ಯಾತರು. ನಮ್ಮ ಕಥೆಗೆ ಮುಖ್ಯವಾದದ್ದು ವೋಲ್ಗಾ. ಸುಮಾರು 3,530 ಕಿಲೋಮೀಟರು ಉದ್ದದ ನದಿ. ನಮ್ಮ ಕಾವೇರಿಯಂಥ ನಾಲ್ಕು ನದಿಗಳನ್ನು ಸಾಲಾಗಿ ಇಟ್ಟಂತೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ನಿಲ್ಲುತ್ತದೆ. ಮಂಜು ಕರಗಿತೆಂದರೆ ದೋಣಿಗಳು ಕ್ಯಾಸ್ಪಿಯನ್ ಸಮುದ್ರದತ್ತ ಹೊರಡುತ್ತಿದ್ದವು. ನಮ್ಮ ಕಡೆಗೆ ಬಂದ ಇಬ್ಬರೂ ಇದೇ ನದಿಯ ದಡದ ಊರುಗಳವರು.

ಒಬ್ಬನು ಗೆರಾಸಿಮ್ ಲೆಬೆಡೆಫ್, ಯಾರೊಸ್ಲಾವ್ಲ್ ಊರಿನ ಸಂಗೀತಗಾರ. 1785ರಲ್ಲಿ ಇಂಗ್ಲಿಷರ ಹಡಗಿನಲ್ಲಿ ಮದರಾಸಿಗೆ ಬಂದಿಳಿದು, ಎರಡು ವರ್ಷ ಇಲ್ಲಿದ್ದು, ವಾದ್ಯ ನುಡಿಸಿ ಹೊಟ್ಟೆ ಹೊರೆದು, ಅಷ್ಟಿಷ್ಟು ತಮಿಳು ಕಲಿತು ಕಲ್ಕತ್ತೆಗೆ ಹೋದನು. ಅಲ್ಲಿ 1795ರಲ್ಲಿ ಬಂಗಾಳಿ ನಾಟಕ ಆಡಿಸಿ ಹೆಸರಾದನು. ನಮ್ಮ ಈ ಮೂಲೆಗೆ ಹೆಸರು ಕೊಟ್ಟ ಥಾಮಸ್ ಪ್ಯಾರಿ ಸಾಹೇಬರು ಮದರಾಸಿಗೆ ಬಂದದ್ದು 1788ರಲ್ಲಿ. ಅಂದರೆ ಪ್ಯಾರಿಗಿಂತ ಮೊದಲೇ ರಷ್ಯದವನೊಬ್ಬ ಇಲ್ಲಿನ ಸೆಖೆ ಉಂಡು ಹೋಗಿದ್ದ!

ಇನ್ನೊಬ್ಬನು ಅವನಿಗಿಂತ ಮುನ್ನೂರು ವರ್ಷ ಹಿಂದಿನವನು. ಬಂದದ್ದು ನಮ್ಮ ಬೀದರಿಗೇ. ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವುದಕ್ಕೆ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಹಿಂದಿನ ಮಾತು. ನಿಕಿತಿನ್ ಹೊರಟದ್ದು ಭಾರತಕ್ಕಲ್ಲ. ವೋಲ್ಗಾ ಇಳಿದು ಕ್ಯಾಸ್ಪಿಯನ್ ತೀರದಲ್ಲಿ ಸರಕು ಮಾರಿ ಬರುವುದಕ್ಕೆ. ಆಸ್ತ್ರಖಾನಿನ ಬಳಿ ತಾತಾರರು ದೋಣಿಗಳನ್ನು ದೋಚಿದರು. ಅವನ ಧರ್ಮಗ್ರಂಥಗಳೂ ಹೋದವು. ಊರಿನಲ್ಲಿ ಏನಾದರೂ ಇದ್ದವರು ಊರಿಗೆ ಮರಳಿದರು, ಸಾಲವಿದ್ದವರು ಕಣ್ಣು ಹೋದತ್ತ ಹೋದರು ಎಂದು ಅವನೇ ಬರೆದಿದ್ದಾನೆ. ನಿಕಿತಿನ್ ಮರಳಲಿಲ್ಲ. ಹದಿಹರೆಯದಲ್ಲಿ ಉಡುಪಿ ಕಡೆಯಿಂದ ಹೋಟೆಲು ಕೆಲಸಕ್ಕೆಂದು ಮದರಾಸಿನ ರೈಲು ಹತ್ತಿದ ನಮ್ಮ ಹಿರಿಯರಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪರ್ಷಿಯ ದಾಟಿ, ಹೊರ್ಮುಜಿನಲ್ಲಿ ಹಡಗು ಹತ್ತಿ, ಮಾರುವುದಕ್ಕೆಂದು ಒಂದು ಗಂಡು ಕುದುರೆಯನ್ನು ತಂದು ಚೌಲ್ ಬಂದರಿನಲ್ಲಿ ಇಳಿದನು. ಬಿಳಿಯ ಮನುಷ್ಯನನ್ನು ನೋಡಲು ಜನ ಹಿಂದೆ ಹಿಂದೆಯೇ ಬರುತ್ತಿದ್ದರಂತೆ. ಇಲ್ಲಿನವರು ಬರಿಯ ತಲೆಯಲ್ಲಿ, ಬರಿಯ ಮೈಯಲ್ಲಿ ತಿರುಗುವುದನ್ನು ಕಂಡು ಅವನಿಗೂ ಅಷ್ಟೇ ಆಶ್ಚರ್ಯ. ಪುಣೆಯ ಹತ್ತಿರದ ಜುನ್ನರಿನಲ್ಲಿ ಮಳೆ ಹಿಡಿದು ಎರಡು ತಿಂಗಳು ನಿಂತನು. ಅಲ್ಲಿ ಅವನು ಬರೆದ ಮಾತು ನಮಗೆ ಬಹಳ ಹಿಡಿಸಿತು: ಇವರ ‘ಚಳಿಗಾಲ’ ಟ್ರಿನಿಟಿ ಹಬ್ಬದಿಂದ ಆರಂಭವಾಗುತ್ತದೆ; ನಾಲ್ಕು ತಿಂಗಳು ಹಗಲೂ ರಾತ್ರಿ ನೀರು, ಕೆಸರು; ಆಗಲೇ ಉಳುತ್ತಾರೆ, ಬಿತ್ತುತ್ತಾರೆ. ಟ್ರಿನಿಟಿ ಹಬ್ಬ ಬರುವುದು ಈಸ್ಟರ್ ಕಳೆದು ಐವತ್ತು ದಿನಕ್ಕೆ, ಮೇ ಜೂನ್ ಹೊತ್ತಿಗೆ. ನಮ್ಮ ಮುಂಗಾರಿಗೆ ಸರಿಯಾಗಿ ಕೂಡುತ್ತದೆ. ಮಳೆಗಾಲವೆಂಬ ಕಾಲವೇ ಇಲ್ಲದ ನಾಡಿನವನು ಅದಕ್ಕೆ ಬೇರೆ ಯಾವ ಹೆಸರು ಇಟ್ಟಾನು?

ಜುನ್ನರಿನ ಅಧಿಕಾರಿ ಅಸದ್ ಖಾನನು, ಇವನು ಮುಸಲ್ಮಾನನಲ್ಲವೆಂದು ತಿಳಿದು ಕುದುರೆಯನ್ನು ಕಿತ್ತುಕೊಂಡನು. ಮತ ಬದಲಿಸಿದರೆ ಕುದುರೆಯ ಜೊತೆಗೆ ಸಾವಿರ ಹೊನ್ನು. ಇಲ್ಲವಾದರೆ ಕುದುರೆಯೂ ಹೋಯಿತು, ಮೇಲೆ ಸಾವಿರ ದಂಡ. ನಾಲ್ಕು ದಿನದ ಗಡುವು. ಖುರಾಸಾನಿನಿಂದ ಬಂದಿದ್ದ ಮಹಮ್ಮದ್ ಎಂಬ ಮುಸಲ್ಮಾನ ಹಿರಿಯನೇ ಮಧ್ಯೆ ಬಂದು ಮಾತಾಡಿ ಇವನನ್ನು ಉಳಿಸಿದನು.

ಆಗ ಬೀದರಿನಲ್ಲಿ ಬಹಮನಿ ಸುಲ್ತಾನರ ಆಳ್ವಿಕೆ. ಆಡಳಿತದ ಹಗ್ಗ ಮಾತ್ರ ಮಹಮೂದ್ ಗವಾನನ ಕೈಯಲ್ಲಿ. ಅವನೂ ಪರ್ಷಿಯದ ಗೀಲಾನಿನಿಂದ ಬಂದ ವಲಸಿಗನೇ. 1472ರಲ್ಲಿ ಮುಗಿದ ಅವನ ಮದರಸಾ ಕಟ್ಟಡದ ಉಳಿದ ಭಾಗವನ್ನು ಬೀದರಿಗೆ ಹೋದವರು ಈಗಲೂ ನೋಡಬಹುದು. ಅರಮನೆಗೆ ಏಳು ಬಾಗಿಲು, ಒಂದೊಂದು ಬಾಗಿಲಿಗೂ ನೂರು ಕಾವಲುಗಾರರು, ನೂರು ಹಿಂದೂ ಕರಣಿಕರು. ಒಳಗೆ ಹೋದವರನ್ನು ಕೆಲವರು ಬರೆದುಕೊಂಡರೆ ಹೊರಗೆ ಬಂದವರನ್ನು ಕೆಲವರು ಬರೆದುಕೊಳ್ಳುತ್ತಿದ್ದರು ಎಂದು ನಿಕಿತಿನ್ ಹೇಳುತ್ತಾನೆ. ಗೇಟಿನ ರಿಜಿಸ್ಟರು ಇಂದಿನದೆಂದು ತಿಳಿದಿದ್ದೆವು!

ಕುದುರೆಗೆ ಕಡಲೆಯನ್ನೂ, ಸಕ್ಕರೆ ಬೆಣ್ಣೆ ಹಾಕಿ ಬೇಯಿಸಿದ ಕಿಚಡಿಯನ್ನೂ ತಿನ್ನಿಸುವುದನ್ನು ಅವನು ಬರೆದಿದ್ದಾನೆ. ಕಲಬುರ್ಗಿ, ರಾಯಚೂರುಗಳ ಹೆಸರು ಹೇಳಿದ್ದಾನೆ, ವಜ್ರದ ಮಾತು ಎತ್ತಿದ್ದಾನೆ. ಶ್ರೀಮಂತರು ಬೆಳ್ಳಿಯ ಪಲ್ಲಕ್ಕಿಯಲ್ಲಿ ತಿರುಗುತ್ತಾರೆ, ಹಳ್ಳಿಯವರು ಕಡುಬಡವರು ಎಂಬುದನ್ನೂ ಮುಚ್ಚಿಟ್ಟಿಲ್ಲ. ಮೆಣಸು ಅಗ್ಗ, ಬಣ್ಣ ಅಗ್ಗ. ಆದರೆ ಸುಂಕ ವಿಪರೀತ, ಕಡಲಿನಲ್ಲಿ ಕಳ್ಳರು. ರಷ್ಯಕ್ಕೆ ಕೊಂಡೊಯ್ಯಲು ಏನೂ ಗಿಟ್ಟದು ಎಂಬುದು ಅವನ ವ್ಯಾಪಾರದ ತೀರ್ಮಾನ. ತಾನು ಮುಸಲ್ಮಾನನಲ್ಲ, ಕ್ರೈಸ್ತನೆಂದು ತಿಳಿಸಿದ ಮೇಲೆ ಇಲ್ಲಿನ ಹಿಂದೂಗಳು ಅವನ ಮುಂದೆ ಏನನ್ನೂ ಮರೆಮಾಡಲಿಲ್ಲವಂತೆ. ಶಿವರಾತ್ರಿಗೆ ಅವರ ಜೊತೆ ಶ್ರೀಶೈಲಕ್ಕೂ ಹೋಗಿ ಬಂದನು.

ಇಷ್ಟು ಕಂಡವನಿಗೆ ಆದ ನಷ್ಟವೇನು? ಪುಸ್ತಕಗಳಿಲ್ಲದೆ ಈಸ್ಟರ್ ಯಾವಾಗ ಬರುತ್ತದೆಂಬ ಲೆಕ್ಕವೇ ತಪ್ಪಿತು. ನಕ್ಷತ್ರಗಳನ್ನು ನೋಡಿ ಅಂದಾಜು ಮಾಡಿದನು. ಮುಸಲ್ಮಾನರ ಉಪವಾಸದ ತಿಂಗಳಲ್ಲಿ ತಾನೂ ಉಪವಾಸವಿದ್ದನು. ಇಲ್ಲಿ ಅವನಿಗೆ ಖೋಜಾ ಯೂಸುಫ್ ಖುರಾಸಾನಿ ಎಂಬ ಇನ್ನೊಂದು ಹೆಸರಿತ್ತು. ಬರವಣಿಗೆಯಲ್ಲಿ ಪುಟ ಹೋದಂತೆ ರಷ್ಯನ್ ಭಾಷೆಯ ನಡುವೆ ತುರ್ಕಿ, ಪಾರಸಿ, ಅರಬ್ಬಿ ಮಾತುಗಳು ಸೇರುತ್ತ ಹೋದವು. ಕೊನೆಯ ಪ್ರಾರ್ಥನೆಯೇ ಅರಬ್ಬಿಯಲ್ಲಿದೆ. ಅವನು ಮತ ಬದಲಿಸಿದನೇ ಇಲ್ಲವೇ ಎಂದು ಪಂಡಿತರು ಇಂದಿಗೂ ವಾದಿಸುತ್ತಾರೆ. ನಮಗೆ ಆ ವಾದಕ್ಕಿಂತ ದೊಡ್ಡದಾಗಿ ಕಾಣುವುದು ಒಂದು ಜಾಗ. ಬೇರೆ ಬೇರೆ ದೇಶಗಳ ಸೆಖೆ, ಸಮೃದ್ಧಿಗಳನ್ನೆಲ್ಲ ಹೋಲಿಸಿ ಬರೆದು, ರಷ್ಯದಂಥ ನಾಡು ಲೋಕದಲ್ಲಿ ಬೇರೆ ಇಲ್ಲ, ಆದರೆ ಅಲ್ಲಿನ ದೊಡ್ಡವರಲ್ಲಿ ನ್ಯಾಯವಿಲ್ಲ, ದೇವರು ಆ ನಾಡನ್ನು ಕಾಪಾಡಲಿ ಎನ್ನುತ್ತಾನೆ. ಊರಿನ ಮೇಲಣ ಇಷ್ಟು ಪ್ರೀತಿಯನ್ನೂ ಅಷ್ಟು ಕೋಪವನ್ನೂ ಅವನು ಬರೆದದ್ದು ರಷ್ಯನ್ ಭಾಷೆಯಲ್ಲಿ ಅಲ್ಲ, ತುರ್ಕಿಯಲ್ಲಿ. ಊರಿನವರು ಓದಿಯಾರೆಂಬ ಭಯವೋ, ಆ ಹೊತ್ತಿಗೆ ಮನಸ್ಸಿಗೆ ಹತ್ತಿರವಾಗಿದ್ದ ಮಾತೇ ಅದೋ? ನಮ್ಮ ಮಕ್ಕಳು ಅಜ್ಜಿಯ ಜೊತೆ ಕನ್ನಡದಲ್ಲಿ ಆರಂಭಿಸಿ, ಸಿಟ್ಟು ಬಂದೊಡನೆ ತಮಿಳಿಗೆ ಹಾರುವುದನ್ನು ದಿನವೂ ಕೇಳುತ್ತಿರುವ ನಮಗೆ ಎರಡನೆಯದೇ ನಿಜವಿರಬಹುದೆಂದು ತೋರುತ್ತದೆ.

ದಾಬೋಲಿನಲ್ಲಿ ಹಡಗು ಹತ್ತಿ, ಕಪ್ಪು ಸಮುದ್ರವನ್ನು ದಾಟಿ ಅವನು ತನ್ನ ನಾಡಿನ ಕಡೆಗೆ ತಿರುಗಿದನು. ತ್ವೇರ್ ತಲಪಲಿಲ್ಲ. ಅವನ ಕೈಬರಹದ ಹೊತ್ತಗೆಗಳನ್ನು ವರ್ತಕರು ಮಾಸ್ಕೋಗೆ ತಂದು, ಅಲ್ಲಿನ ದೊರೆಯ ಕಾರ್ಯದರ್ಶಿ ವಸೀಲಿ ಮಾಮಿರೆಫ್ ಎಂಬವನಿಗೆ ಒಪ್ಪಿಸಿದರು. 1475ರಲ್ಲಿ ಅದು ಅಲ್ಲಿನ ವೃತ್ತಾಂತದ ದಫ್ತರಕ್ಕೆ ಸೇರಿತು. ಸೇರಿಸಿದವನು ಮೇಲೊಂದು ಷರಾ ಬರೆದಿಟ್ಟಿದ್ದಾನೆ: ಈತ ಯಾವ ವರ್ಷ ಹೊರಟ, ಯಾವ ವರ್ಷ ಮರಳಿದ ಎಂಬುದನ್ನು ಬರೆದಿಲ್ಲ, ಸ್ಮೊಲೆನ್ಸ್ಕ್ ಮುಟ್ಟುವ ಮೊದಲೇ ತೀರಿಕೊಂಡನೆಂದು ಹೇಳುತ್ತಾರೆ.