ಹುಳಕ್ಕೂ ಒಂದು ಕೊಟ್ಟಿಗೆ

ಮಾನ್ವಿ ಕಡೆಯ ಮನೆಯೊಂದರಲ್ಲಿ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದಾಗ ಕಾಳಿಗೆ ಕಾಳು ಅಂಟಿ, ನೂಲು ಸುತ್ತಿ ಉಂಡೆಗಟ್ಟಿದ್ದರೆ ಅಂದು ಮೊರಕ್ಕೆ ಕೆಲಸ ಬಂತೆಂದೇ ಲೆಕ್ಕ. ಆ ನೂಲು ಕಟ್ಟುವುದು ಅಕ್ಕಿ ಪತಂಗದ ಮರಿಹುಳ. ಕೀಟಶಾಸ್ತ್ರದವರು ಕಾರ್ಸೈರಾ ಎನ್ನುತ್ತಾರೆ. ಅಡುಗೆಮನೆಯವರು ಕೇರಿ ಚೆಲ್ಲುವ ಈ ಹುಳಕ್ಕೆ ಪ್ರಯೋಗಾಲಯದವರು ಒಡೆದ ಜೋಳ, ಶೇಂಗಾ ಪುಡಿ ಇಟ್ಟು ಉಪಚಾರ ಮಾಡುತ್ತಾರೆ. ಸಾಕಿದ ಹಲ್ಲಿ, ಕಪ್ಪೆಗಳ ಊಟಕ್ಕೆಂದು ಮನೆಯಲ್ಲೇ ಹುಳ ಬೆಳೆಸುವುದು ಹೊರಗಿನಿಂದ ಬಂದ ಶೋಕಿ ಎನಿಸಬಹುದು. ಹವ್ಯಾಸ ಹೊಸದು ನಿಜ, ವಿದ್ಯೆ ಹಳೆಯದು. ಅದರ ಒಂದೊಂದು ಪಾಠವೂ ಕನ್ನಡ ನಾಡಿನಲ್ಲಿ ಬೇರೆ ಬೇರೆ ಕಾರಣಕ್ಕೆ ಕಲಿತದ್ದೇ.

ರೇಷ್ಮೆ ಮನೆಯ ಶುದ್ಧ

ಮೊದಲ ಪಾಠ ಹದಿನೆಂಟನೇ ಶತಮಾನದ ಕೊನೆಯದು. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ನೆಲೆಯೂರಿದ ರೇಷ್ಮೆ, ಹುಳವನ್ನು ದನದಂತೆ ಸಾಕಬಹುದೆಂದು ತೋರಿಸಿತು. ಮೊಟ್ಟೆಯೊಡೆದ ಹುಳ ಪೊರೆ ಕಳಚುವ ನಾಲ್ಕು ಜ್ವರ ದಾಟಿ, ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆಗೆ ಏರುವಷ್ಟರಲ್ಲಿ ಅದರ ತೂಕ ಸುಮಾರು 10,000 ಪಟ್ಟು ಹೆಚ್ಚಿರುತ್ತದೆ. ಇದೆಲ್ಲ ಒಂದು ತಿಂಗಳೊಳಗಿನ ಮಾತು. ಅಷ್ಟು ಬೇಗ ಬೆಳೆಯುವುದು ಅಷ್ಟೇ ಬೇಗ ಸಾಯುತ್ತದೆ. ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು ರೋಗಗಳ ಹೆಸರು ಕೇಳಿದರೆ ಬೆಳೆಗಾರರ ಮುಖ ಬಾಡುವುದು ಅದಕ್ಕೇ.

1865ರಲ್ಲಿ ಫ್ರಾನ್ಸಿನ ರೇಷ್ಮೆ ಸೀಮೆಗೆ ಹೋದ ಲೂಯಿ ಪಾಶ್ಚರ್, ಗಂಟುರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆಂದು ತೋರಿಸಿದ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಅದರ ಮೊಟ್ಟೆಗಳನ್ನು ನಾಶಮಾಡುವ ಕ್ರಮ ಅಲ್ಲಿಂದ ಬಂತು. ರೇಷ್ಮೆ ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳು ಇಂದಿಗೂ ಆ ದಾರಿಯಲ್ಲೇ ನಡೆಯುತ್ತವೆ. ತಾಯಿ ಹುಳ ಚೆನ್ನಾಗಿರಬೇಕು, ಪೆಟ್ಟಿಗೆ ಶುದ್ಧವಿರಬೇಕು, ಒತ್ತೊತ್ತಾಗಿ ತುಂಬಬಾರದು: ಇಂದು ಡಬ್ಬಿಯಲ್ಲಿ ಹುಳ ಸಾಕುವವರಿಗೂ ಮೊದಲು ಹೇಳಬೇಕಾದ ಮಾತು ಇದೇ.

ಜೋಳದ ಪೆಟ್ಟಿಗೆ

ಎರಡನೇ ಪಾಠಶಾಲೆ ಜೈವಿಕ ಹತೋಟಿ, ಅಂದರೆ ಪೀಡೆಯನ್ನು ಇನ್ನೊಂದು ಜೀವಿಯಿಂದಲೇ ಹತ್ತಿಕ್ಕುವುದು. 1957ರಲ್ಲಿ ಬೆಂಗಳೂರಿನಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತ ಕೇಂದ್ರ ಶುರುವಾಯಿತು. 1977ರಲ್ಲಿ ಜೈವಿಕ ಹತೋಟಿಯ ಅಖಿಲ ಭಾರತ ಸಮನ್ವಯ ಯೋಜನೆ ಬಂತು. ಆ ಯೋಜನೆಯ ಬೆಂಗಳೂರಿನ ನಿರ್ದೇಶನಾಲಯ ಬೆಳೆಯುತ್ತ ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಾಗಿದೆ. 2008ರಲ್ಲಿ ಹುಟ್ಟಿದ ರಾಯಚೂರು ಕೃಷಿ ವಿಶ್ವವಿದ್ಯಾಲಯವೂ ಈ ಯೋಜನೆಯ ಕೇಂದ್ರಗಳಲ್ಲೊಂದು.

ಇಲ್ಲಿ ಹುಳ ಬೆಳೆಸುವುದು ನೂಲಿಗಲ್ಲ, ಇನ್ನೊಂದು ಹುಳದ ಊಟಕ್ಕೆ. ಕಾರ್ಸೈರಾ ಮೊಟ್ಟೆಗಳನ್ನು ಕಾಗದಕ್ಕೆ ಅಂಟಿಸಿ, ಅತಿನೇರಳೆ ಬೆಳಕಿನಲ್ಲಿ ಭ್ರೂಣ ಕೊಂದು, ಟ್ರೈಕೋಗ್ರಾಮಾ ಎಂಬ ಪುಟ್ಟ ಕಣಜಕ್ಕೆ ಒಡ್ಡುತ್ತಾರೆ. ಅಂಗೈಯಗಲದ ಒಂದು ಟ್ರೈಕೋ ಕಾರ್ಡಿನಲ್ಲಿ ಸುಮಾರು 20,000 ಮೊಟ್ಟೆಗಳಿರುತ್ತವೆ. ತೊಗರಿ, ಹತ್ತಿಯ ಕಾಯಿಕೊರಕವನ್ನು, ಅದನ್ನೇ ಕೊಲ್ಲುವ ನಂಜಾಣುವಿಗಾಗಿ ಬೆಳೆಸುವಾಗ ಮತ್ತೊಂದು ತೊಡಕು: ಕಡಲೆಹಿಟ್ಟಿನ ಮೇವು ಎಷ್ಟೇ ಇರಲಿ, ಆ ಹುಳಗಳು ಒಂದನ್ನೊಂದು ತಿನ್ನುತ್ತವೆ. ಹಾಗಾಗಿ ಒಂದಕ್ಕೊಂದು ಗೂಡು. ಜೋಳದ ಪೆಟ್ಟಿಗೆಗೆ ಬ್ರೇಕನ್ ಎಂಬ ಕಣಜ ನುಗ್ಗಿದರಂತೂ ಕಾರ್ಸೈರಾ ಸಂಸಾರವೇ ಖಾಲಿ. ಸಾಕುವ ಪ್ರತಿ ಹುಳಕ್ಕೂ ಒಬ್ಬ ಕಳ್ಳನಿದ್ದಾನೆ, ಬಾಗಿಲಿಗೆ ಸಣ್ಣ ಜಾಲರಿ ಬೇಕೇ ಬೇಕು ಎಂಬುದು ಇಲ್ಲಿನ ಪಾಠ.

ರವೆ ಬೆಲ್ಲದ ನೊಣ

ಮೂರನೆಯದು ಮೈಸೂರಿನ ಮಾನಸಗಂಗೋತ್ರಿಯದು. ಅಲ್ಲಿನ ಪ್ರಾಣಿಶಾಸ್ತ್ರ ವಿಭಾಗದ ಡ್ರೊಸೊಫಿಲಾ ತಳಿಕೇಂದ್ರದಲ್ಲಿ ಹಣ್ಣುನೊಣಕ್ಕೆ ಕೊಡುವ ಮೇವು ರವೆ, ಬೆಲ್ಲ, ಅಗರ್. ಬೂಸು ಹಿಡಿಯದಂತೆ ಒಂದಿಷ್ಟು ಪ್ರೊಪಿಯೋನಿಕ್ ಆಮ್ಲ. ಕೇಸರಿಬಾತಿನ ಪಾತ್ರೆಗೆ ಹೊರತಾದದ್ದು ಅದರಲ್ಲಿ ಕಡಿಮೆಯೇ. ತಳಿವಿಜ್ಞಾನಕ್ಕೆ ಸಾಕಿದ ಇದೇ ನೊಣ ಬೇರೆ ದೇಶಗಳಲ್ಲಿ ಬೆರಳುಗುರಿನಷ್ಟು ಕಪ್ಪೆಗಳ ಊಟವಾಯಿತು.

ಗಾಳದಿಂದ ಗಾಜಿನ ಪೆಟ್ಟಿಗೆಗೆ

ಅಮೆರಿಕದಲ್ಲಿ ಚಿಮ್ಮಂಡೆ ಸಾಕಣೆ 1940ರ ದಶಕದಲ್ಲಿ ಶುರುವಾದದ್ದು ಮೀನಿನ ಗಾಳಕ್ಕಾಗಿ. ಮುಂದೆ ಹಲ್ಲಿ, ಓತಿ ಸಾಕುವವರು ಅದರ ಗಿರಾಕಿಗಳಾದರು. ರೇಷ್ಮೆಯ ಕಥೆ ಅಲ್ಲೂ ಮರುಕಳಿಸಿತು. 1977ರಲ್ಲಿ ಯುರೋಪಿನಲ್ಲಿ ಗುರುತಿಸಿದ ಡೆನ್ಸೊವೈರಸ್, 2010ರ ಹೊತ್ತಿಗೆ ಅಮೆರಿಕದ ಮನೆಚಿಮ್ಮಂಡೆ ಫಾರ್ಮುಗಳನ್ನು ಮುಚ್ಚಿಸುವ ಮಟ್ಟಕ್ಕೆ ಹೋಯಿತು. ಒಂದೇ ಜಾತಿ, ಒತ್ತೊತ್ತಾದ ಪೆಟ್ಟಿಗೆ, ಒಂದೇ ರೋಗ. ಸಾಕುವವರು ಆಮೇಲೆ ಬೇರೆ ಜಾತಿಯ ಚಿಮ್ಮಂಡೆಗಳತ್ತ ತಿರುಗಿದರು.

ತೌಡಿನಲ್ಲಿ ಬೆಳೆಯುವ ಮೀಲ್‌ವರ್ಮ್ ಇನ್ನೂ ಸುಲಭ: ಸದ್ದಿಲ್ಲ, ಜಿಗಿತವಿಲ್ಲ. ಅದರ ದೊಡ್ಡಣ್ಣನಂತಿರುವ ಸೂಪರ್‌ವರ್ಮ್‌ಗೆ ಒಂದು ಹಟ. ಗುಂಪಿನಲ್ಲಿರುವವರೆಗೂ ಅದು ಕೋಶವಾಗುವುದಿಲ್ಲ. ಒಂದೊಂದನ್ನೇ ಬೇರೆ ಡಬ್ಬಿಯಲ್ಲಿಟ್ಟರೆ ಮಾತ್ರ ಜೀರುಂಡೆಯಾಗುತ್ತದೆ.

ರಾಯಚೂರಿನ ಬಿಸಿಲು

ತಂಪು ದೇಶದ ಪುಸ್ತಕಗಳು ಹುಳದ ಪೆಟ್ಟಿಗೆಗೆ ಬಲ್ಬು ಹಚ್ಚಿರಿ ಎನ್ನುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಆ ಮಾತನ್ನು ತಿರುವಿ ಓದಬೇಕು. ಚಿಮ್ಮಂಡೆಗೆ 30 ಡಿಗ್ರಿ ಹಿತ. ಮೀಲ್‌ವರ್ಮ್‌ಗೆ 25ರಿಂದ 28 ಸಾಕು. 35 ದಾಟಿದರೆ ತೌಡಿನೊಳಗೇ ಸಾಯತೊಡಗುತ್ತದೆ. ತಗಡಿನ ಮಾಡಿನ ಕೋಣೆ ಬಿಟ್ಟು, ನೆಲದ ಮೇಲೆ, ನೀರಿನ ಗಡಿಗೆಯ ಪಕ್ಕ ಇಡುವುದು ಮೇಲು. ಬೆಳೆದ ಮೀಲ್‌ವರ್ಮ್‌ಗಳನ್ನು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಕೆಲವು ವಾರ ಇಡಬಹುದು. ಸೂಪರ್‌ವರ್ಮ್‌ಗೆ ಆ ಚಳಿಯೇ ಸಾವು. ಇರುವೆಗೆ ಅಡುಗೆಮನೆಯ ಹಳೆಯ ಉಪಾಯವೇ ಸಾಕು: ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವುದು.

ಮೇವಿಗೆ ಇಲ್ಲಿ ಬರವಿಲ್ಲ. ತುಂಗಭದ್ರಾ ಎಡದಂಡೆಯ ಭತ್ತದಿಂದ ಮಿಲ್ಲುಗಳಲ್ಲಿ ತೌಡು ರಾಶಿಬೀಳುತ್ತದೆ. ಆದರೆ ಎಣ್ಣೆಯಂಶವಿರುವ ಅಕ್ಕಿ ತೌಡು ಬೇಗ ಕಮಟುತ್ತದೆ. ಹೊಸದನ್ನೇ ತಂದು ಹುರಿದಿಡಬೇಕು, ಇಲ್ಲವೇ ಗೋಧಿ ತೌಡು ಬಳಸಬೇಕು. ಪೆಟ್ಟಿಗೆಯೊಳಗೆ ನೀರಿನ ಬಟ್ಟಲಿಟ್ಟರೆ ಬೂಸು, ನುಸಿ ಬರುತ್ತವೆ. ಒಂದು ತುಂಡು ಗಜ್ಜರಿಯೇ ಹುಳಕ್ಕೆ ನೀರೂ ಆಗುತ್ತದೆ. ಹೊಲದಿಂದ ಮಿಡತೆ ಹಿಡಿದು ತರುವ ಆಸೆ ಮಾತ್ರ ಬೇಡ. ದೇವದುರ್ಗದ ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಔಷಧಿ ಹೊಡೆಯುವುದು ಮಾಮೂಲು. ಅಲ್ಲಿನ ಮಿಡತೆ ಹಲ್ಲಿಯ ಹೊಟ್ಟೆಗೆ ಆ ವಿಷವನ್ನೇ ಹೊತ್ತು ತಂದೀತು. ಮನೆಯಲ್ಲೇ ಹುಳ ಬೆಳೆಸಲು ಈ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಹುಳದ ಹೊಟ್ಟೆಯೊಳಗಿನ ಊಟ

ಇತ್ತೀಚಿನ ದಶಕಗಳ ದೊಡ್ಡ ತಿಳಿವಳಿಕೆ ಎಣಿಕೆಯದಲ್ಲ, ಪೋಷಣೆಯದು. ಚಿಮ್ಮಂಡೆ, ಮೀಲ್‌ವರ್ಮ್‌ಗಳಲ್ಲಿ ರಂಜಕ ಹೆಚ್ಚು, ಸುಣ್ಣ ತೀರ ಕಡಿಮೆ. ಹಲ್ಲಿಗೆ ಬೇಕಾದದ್ದು ಇದರ ತಿರುವುಮುರುವು, ಹೆಚ್ಚುಕಡಿಮೆ ರಂಜಕದ ಎರಡರಷ್ಟು ಸುಣ್ಣ. ಬರೀ ಹುಳ ತಿಂದ ಪ್ರಾಣಿಯ ದವಡೆ ಮೆತ್ತಗಾಗಿ ಕಾಲು ಸೊಟ್ಟಗಾಗುವುದು ಹೀಗೆ. ಆದ್ದರಿಂದ ತಿನ್ನಿಸುವ ಒಂದೆರಡು ದಿನ ಮೊದಲು ಹುಳಕ್ಕೆ ನುಗ್ಗೆಸೊಪ್ಪಿನಂಥ ಒಳ್ಳೆಯ ಮೇವು ಹಾಕಿ, ಕೊಡುವಾಗ ಕ್ಯಾಲ್ಸಿಯಂ ಪುಡಿ ಸವರುತ್ತಾರೆ. ಕಪ್ಪು ಸೈನಿಕ ನೊಣದ ಮರಿಹುಳಕ್ಕೆ ಬೆಲೆ ಬಂದದ್ದೂ ಅದರಲ್ಲಿ ಸುಣ್ಣ ಸಹಜವಾಗಿ ಹೆಚ್ಚಿರುವುದರಿಂದ.

ಕೊನೆಯ ಬದಲಾವಣೆ ಕಾನೂನಿನದು. ಉಡ, ಊಸರವಳ್ಳಿ, ನಕ್ಷತ್ರ ಆಮೆಗಳನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. ಸೈಟಿಸ್ ಎಂಬ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯ ವಿದೇಶಿ ಪ್ರಾಣಿಯಿದ್ದವರು 2024ರ ನಿಯಮಗಳಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹುಳದ ಡಬ್ಬಿಗೆ ಮೊದಲು ಈ ಕಾಗದ ನೆಟ್ಟಗಿರಲಿ.

ಇಷ್ಟಾದ ಮೇಲೂ ಡಬ್ಬಿ ಎಲ್ಲಿಡುವುದೆಂಬ ಪ್ರಶ್ನೆ ಉಳಿಯುತ್ತದೆ. ಮೀಲ್‌ವರ್ಮ್ ಜೀರುಂಡೆಗೂ ಕಾರ್ಸೈರಾಗೂ ಕಾಳು ಹಿಟ್ಟೆಂದರೆ ಒಂದೇ ಪ್ರಾಣ. ಸಾಕಿದ್ದು ತಪ್ಪಿಸಿಕೊಂಡರೆ ಮರುದಿನದಿಂದ ಅದರ ಹೆಸರು ಪೀಡೆ. ಆದ್ದರಿಂದ ಹುಳದ ಕೊಟ್ಟಿಗೆ ಅಕ್ಕಿ ಡಬ್ಬಿಯಿಂದ ದೂರವಿರಲಿ, ಎರಡರ ನಡುವೆ ಒಂದು ಬಾಗಿಲಾದರೂ ಇರಲಿ.