ಹಳೆಯ ದೋಣಿ, ಯಾವ ಎಂಜಿನ್? ಠಾಣೆ ಖಾಡಿಯ ಒಂದು ಚರಿತ್ರೆ



ಕಲ್ಯಾಣ ಅಥವಾ ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿಯುವ ನಮಗೆ ಮುಂಬ್ರಾ ಬಳಿ ಕಿಟಕಿಯ ಸೀಟು ಸಿಕ್ಕರೆ ಒಂದು ನೋಟ ಉಚಿತ. ಒಂದು ಕಡೆ ಪಾರ್ಸಿಕ್ ಗುಡ್ಡ, ಇನ್ನೊಂದು ಕಡೆ ಖಾಡಿ. ಕಾಂಡ್ಲಾ ಗಿಡಗಳ ನಡುವೆ ಕೆಸರಿನಲ್ಲಿ ವಾಲಿಕೊಂಡು ನಿಂತ ಹಳೆಯ ದೋಣಿಗಳು. ಈ ದಡದ ಹೆಸರು ರೇತಿ ಬಂದರ್. ಡೊಂಬಿವಲಿಯಲ್ಲೂ ಒಂದು ರೇತಿ ಬಂದರ್ ಇದೆ, ಕಲ್ಯಾಣದಲ್ಲೂ ಇದೆ. ರೇತಿ ಎಂದರೆ ಮರಳು. ನಮ್ಮ ಫ್ಲ್ಯಾಟುಗಳ ಗೋಡೆಗಳಲ್ಲಿ ಈ ಖಾಡಿಯ ಮರಳೂ ಸ್ವಲ್ಪ ಸೇರಿದೆ, ಅದನ್ನು ಮೇಲೆತ್ತಿ ತಂದದ್ದು ಇಂಥ ದೋಣಿಗಳೇ.

ನಿವೃತ್ತಿಯ ಹಣದಲ್ಲಿ ನಾಲ್ಕು ಗೆಳೆಯರು ಸೇರಿ ಒಂದು ಹಳೆಯ ಡೀಸೆಲ್ ಮೋಟಾರು ನೌಕೆ ಕೊಂಡರೆ ಹೇಗೆ ಎಂಬ ಮಾತು ನಮ್ಮ ಕಡೆ ಆಗಾಗ ಕೇಳಿಬರುತ್ತದೆ. ಕಡಲ ತೀರದಿಂದ ಬಂದವರಲ್ಲಿ ಈ ಆಸೆ ಇನ್ನೂ ಹೆಚ್ಚು. ಆಗ ಎಲ್ಲರೂ ಮೊದಲು ಕೇಳುವುದು "ಎಂಜಿನ್ ಯಾವುದು?" ಎಂದೇ. ಇದು ಹೊಸ ಪ್ರಶ್ನೆಯಲ್ಲ. ಈ ನೀರಿನ ಮೇಲೆ ಬದುಕಿದವರು ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಇದನ್ನೇ ಕೇಳುತ್ತಿದ್ದಾರೆ. ಸರಿಯಾದ ಉತ್ತರ ಸಿಕ್ಕವರ ಮನೆ ಉಳಿಯಿತು. ತಪ್ಪಿದವರ ದೋಣಿ ಸಾಲಕ್ಕೆ ಹೋಯಿತು.

ಗಾಳಿ, ಉಬ್ಬರ ಮತ್ತು ಕಲ್ಯಾಣ ಬಂದರು

ಕಲ್ಯಾಣವೆಂದರೆ ನಮಗೆ ಜಂಕ್ಷನ್. ಆದರೆ ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ನಾವಿಕ ಕೈಪಿಡಿ 'ಪೆರಿಪ್ಲಸ್'ನಲ್ಲಿ ಅದು 'ಕಲ್ಲಿಯೇನಾ' ಎಂಬ ಬಂದರು. ಅಲ್ಲಿಗೆ ತಪ್ಪಿ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಕಳಿಸುತ್ತಿದ್ದರಂತೆ. ಕನ್ಹೇರಿ ಗುಹೆಗಳ ಶಾಸನಗಳಲ್ಲಿ ದಾನ ಕೊಟ್ಟ ಕಲ್ಯಾಣದವರ ಉಲ್ಲೇಖಗಳಿವೆ. 1657ರಲ್ಲಿ ಶಿವಾಜಿ ಮಹಾರಾಜರು ಕಲ್ಯಾಣ-ಭಿವಂಡಿಯನ್ನು ಗೆದ್ದ ಬಳಿಕ ಮರಾಠಾ ನೌಕಾಪಡೆಯ ಮೊದಲ ಹಡಗುಗಳ ಕೆಲಸ ಇಲ್ಲಿಯ ಖಾಡಿಯಲ್ಲೇ ಶುರುವಾಯಿತು. ದುರ್ಗಾಡಿ ಕೋಟೆಯ ಕೆಳಗೆ ನಿಂತು ನೀರು ನೋಡಿದರೆ ಅದನ್ನು ನಂಬುವುದು ಕಷ್ಟವೇನಲ್ಲ.

ಆ ಕಾಲದ ಎಂಜಿನ್ ಎಂದರೆ ಗಾಳಿ ಮತ್ತು ಉಬ್ಬರ-ಇಳಿತ. ಮುಂಬಯಿಯ ಸುತ್ತ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ನೀರು ನಾಲ್ಕು ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ಉಬ್ಬರದ ಜೊತೆ ಒಳಗೆ ಬಂದು ಇಳಿತದ ಜೊತೆ ಹೊರಗೆ ಹೋಗುವುದೇ ದೋಣಿಯವನ ಟೈಮ್‌ಟೇಬಲ್. ಖರ್ಚಿಲ್ಲ, ಆದರೆ ಅವಸರಕ್ಕೆ ಆಗುವುದಿಲ್ಲ.

ಅವಸರ ಬಂದದ್ದು ರೈಲಿನ ಜೊತೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿತು. ಮರುವರ್ಷ ಖಾಡಿಗೆ ಸೇತುವೆ ಹಾಕಿ ಕಲ್ಯಾಣಕ್ಕೆ ಮುಟ್ಟಿಸಿದರು. ಸರಕು ನೀರನ್ನು ಬಿಟ್ಟು ಹಳಿಗೆ ಹೋಯಿತು. ದೋಣಿಗೆ ಉಳಿದದ್ದು ಮೀನು, ಮರಳು, ಉಪ್ಪು, ಹುಲ್ಲು, ಸೌದೆ.

ಹಬೆಯಂತ್ರವನ್ನೇ ದೋಣಿಗೂ ಇಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ದೊಡ್ಡ ಹಡಗುಗಳು ಇಟ್ಟುಕೊಂಡವು. ಆದರೆ ಮೂವತ್ತು ಅಡಿಯ ದೋಣಿಯಲ್ಲಿ ಬಾಯ್ಲರ್, ಅದರ ನೀರು, ಕಲ್ಲಿದ್ದಲು, ಬೆಂಕಿ ನೋಡಿಕೊಳ್ಳುವ ಆಳು ಇಷ್ಟೆಲ್ಲ ಕೂತರೆ ಮೀನಿಗೆ ಜಾಗವೆಲ್ಲಿ? ಹೀಗಾಗಿ ಹಬೆಯ ನೂರು ವರ್ಷ ನಮ್ಮ ಕೋಳಿಗಳ ಪಕ್ಕದಿಂದಲೇ ಹಾದುಹೋಯಿತು. ಠಾಣೆಯ ಚೆಂದಣಿ ಕೋಳಿವಾಡದ ದೋಣಿ ಹಾಯಿಯಲ್ಲೇ ಉಳಿಯಿತು.

ಡೀಸೆಲ್ ಬಂದ ದಾರಿ

ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ತನ್ನ ಎಂಜಿನ್ ಓಡಿಸಿ ತೋರಿಸಿದ. ಅದರಲ್ಲಿ ಕಿಡಿ ಹಚ್ಚುವ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದರೆ ಅದೇ ಕಾದು ಕೆಂಡವಾಗುತ್ತದೆ, ಅದರೊಳಗೆ ಎಣ್ಣೆ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥದೊಂದು ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತು. 1903ರಲ್ಲಿ ರಷ್ಯಾದ ವೋಲ್ಗಾ ನದಿಯಲ್ಲಿ 'ವಂಡಾಲ್' ಎಂಬ ಡೀಸೆಲ್ ನೌಕೆ ಓಡಾಡಿತು. 1912ರಲ್ಲಿ ಡೆನ್ಮಾರ್ಕಿನ 'ಸೆಲಾಂಡಿಯಾ' ಹಡಗು ಡೀಸೆಲ್ ಬಲದಿಂದಲೇ ಬ್ಯಾಂಕಾಕಿನವರೆಗೆ ಹೋಗಿಬಂತು. ದುರ್ದೈವವೆಂದರೆ, 1913ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಡೀಸೆಲ್ ಮಹಾಶಯ ಹಡಗಿನಿಂದಲೇ ಕಾಣೆಯಾದ. ಆತನ ಶವ ಸಿಕ್ಕಿದ್ದು ಸಮುದ್ರದಲ್ಲಿ.

ಪೆಟ್ರೋಲ್ ಎಂಜಿನ್ ಹಗುರ, ಅಗ್ಗ. ಆದರೂ ದೋಣಿಯವರು ಡೀಸೆಲನ್ನೇ ಆರಿಸಲು ಒಂದು ಗಟ್ಟಿ ಕಾರಣವಿತ್ತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ರಸ್ತೆಯಲ್ಲಿ ಸೋರಿದರೆ ಹರಡಿ ಹೋಗುತ್ತದೆ, ದೋಣಿಯಲ್ಲಿ ಸೋರಿದರೆ ತಳದಲ್ಲಿ ಕೂತು ಒಂದು ಕಿಡಿಗಾಗಿ ಕಾಯುತ್ತದೆ. ಡೀಸೆಲ್ ಪೆಟ್ರೋಲಿಗಿಂತ ಬಹಳ ಹೆಚ್ಚು ಕಾಯದೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವುದಿಲ್ಲ. ಜೊತೆಗೆ ಪ್ಲಗ್ ಇಲ್ಲದ ಕಾರಣ ಉಪ್ಪುನೀರಿಗೆ ಕೆಡುವ ವಿದ್ಯುತ್ ಭಾಗಗಳು ಕಡಿಮೆ.

ಎರಡನೆಯ ಮಹಾಯುದ್ಧ ಈ ಎಂಜಿನ್ನನ್ನು ಜಗತ್ತಿನ ದಡದಡಕ್ಕೂ ಹೊತ್ತು ತಂದಿತು. ಸೈನಿಕರನ್ನು ದಡಕ್ಕಿಳಿಸುವ ಅಮೆರಿಕದ ದೋಣಿಗಳಲ್ಲಿದ್ದ 'ಗ್ರೇ ಮರೀನ್' ಡೀಸೆಲ್‌ಗಳು ಯುದ್ಧ ಮುಗಿದ ಮೇಲೆ ಅನೇಕ ದೇಶಗಳಲ್ಲಿ ಮೀನಿನ ದೋಣಿಗಳನ್ನು ಸೇರಿದವು. ಸೆಕೆಂಡ್ ಹ್ಯಾಂಡ್ ಎಂಜಿನ್ ಕೊಳ್ಳುವುದು ಹೀಗೆ ಹಳೆಯ ಪದ್ಧತಿಯೇ.

ಗುರ್ಲಹೊಸೂರಿನ ನಂಟು

ಇಲ್ಲಿ ನಮಗೆ ಹೆಮ್ಮೆಯ ಒಂದು ಕೊಂಡಿಯಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಔಂಧ್ ಸಂಸ್ಥಾನದ ಬಯಲಿನಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅವರ ಮನೆತನದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ 1946ರಲ್ಲಿ ಪುಣೆಯಲ್ಲಿ ಆರಂಭವಾಯಿತು. ಹೊಲಕ್ಕೆ ನೀರೆತ್ತುವ ಪಂಪಿಗೆ ಹೆಸರಾದ ಡೀಸೆಲ್ ಎಂಜಿನ್ ದೋಣಿಯನ್ನೂ ಹತ್ತಿತು. ವಿದೇಶಿ ಎಂಜಿನ್ ಕೆಟ್ಟರೆ ಬಿಡಿಭಾಗಕ್ಕೆ ತಿಂಗಳುಗಟ್ಟಲೆ ಕಾಯಬೇಕು. ದೇಶಿ ಎಂಜಿನ್ ಆದರೆ ಹಳ್ಳಿಯ ಪಂಪ್ ಮಿಸ್ತ್ರಿಯೂ ಬಿಚ್ಚಿ ಜೋಡಿಸುತ್ತಾನೆ. ಆಯ್ಕೆಯ ಚರಿತ್ರೆಯಲ್ಲಿ ಇದು ಅಶ್ವಶಕ್ತಿಗಿಂತ ದೊಡ್ಡ ಮಾತು. ಮುಂದೆ ಅಶೋಕ್ ಲೇಲ್ಯಾಂಡಿನ ಎಂಜಿನ್‌ಗಳು ಪಶ್ಚಿಮ ಕರಾವಳಿಯ ಟ್ರಾಲರುಗಳಲ್ಲಿ ಮನೆಮಾತಾಗಲು ಕೂಡ ಇದೇ ಕಾರಣ.

ಐವತ್ತರ ದಶಕದಲ್ಲಿ ಮುಂಬಯಿ ರಾಜ್ಯದಲ್ಲಿ ಮೀನುಗಾರರ ದೋಣಿಗಳಿಗೆ ಎಂಜಿನ್ ಕೂಡಿಸುವ ಕೆಲಸ ಸಾಗಿತು. ಕೇರಳದಲ್ಲಿ 1952ರ ಒಪ್ಪಂದದಂತೆ ನಾರ್ವೆಯವರ ಯೋಜನೆ ನೀಂಡಕರೆಯಲ್ಲಿ ಬೇರೂರಿತು. ನಮ್ಮ ಮಂಗಳೂರು, ಮಲ್ಪೆಗಳೂ ಹಿಂದೆ ಉಳಿಯಲಿಲ್ಲ. ಆದರೆ ಎಂಜಿನ್ ತಂದದ್ದು ವೇಗ ಮಾತ್ರವಲ್ಲ. ಕರಾವಳಿಯಲ್ಲಿ ಹತ್ತಾರು ಮಂದಿ ಒಟ್ಟಾಗಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಯಲ್ಲಿ ಎಲ್ಲರಿಗೂ ಪಾಲಿತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ಡೀಸೆಲ್ ಬಲದ ಪರ್ಸೀನ್ ದೋಣಿಗಳು ಬಂದ ಮೇಲೆ ಮೀನು ದಡಕ್ಕೆ ಬರುವ ಮೊದಲೇ ಸಮುದ್ರದಲ್ಲಿ ಸಿಕ್ಕಿಬಿದ್ದಿತು. ಪಾಲುದಾರನಾಗಿದ್ದವನು ಕೂಲಿಯವನಾದ. ರಂಪಣಿಯವರಿಗೂ ಯಂತ್ರದೋಣಿಯವರಿಗೂ ಜಗಳಗಳಾದವು.

ಮುಂಬಯಿಗೆ ಬಂದ ಮೊಗವೀರ ಬಂಧುಗಳಿಗೆ ಈ ಕಥೆ ಮನೆಯ ಕಥೆ. 1902ರಲ್ಲೇ ಈ ನಗರದಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಸ್ಥಾಪಿಸಿದ ಸಮಾಜ ಅದು. ಊರಿನ ಕಡಲನ್ನೂ ಇಲ್ಲಿಯ ಬಂದರನ್ನೂ ಎರಡನ್ನೂ ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ.

ಮೂರು ಬಗೆಯ ಎಂಜಿನ್

ಇಂದು ಹಳೆಯ ದೋಣಿ ನೋಡಲು ಹೋದವರಿಗೆ ಸಾಮಾನ್ಯವಾಗಿ ಮೂರು ಬಗೆ ಕಾಣುತ್ತವೆ. ಮೊದಲನೆಯದು ನಿಧಾನವಾಗಿ ತಿರುಗುವ, ಭಾರವಾದ, ಒಂದೋ ಎರಡೋ ಸಿಲಿಂಡರಿನ ಎಂಜಿನ್. ಸದ್ದು, ನಡುಕ ಹೆಚ್ಚು, ಆಯುಷ್ಯ ದೀರ್ಘ. ಎರಡನೆಯದು ಲಾರಿಯ ಎಂಜಿನ್ನಿಗೆ ನೀರಿನ ವೇಷ ತೊಡಿಸಿದ್ದು. ಬಿಡಿಭಾಗ ಎಲ್ಲಿಯೂ ಸಿಗುತ್ತದೆ, ಆದರೆ ಒಂದು ಎಚ್ಚರ ಬೇಕು. ಲಾರಿ ಘಾಟು ಹತ್ತುವಾಗ ಮಾತ್ರ ಪೂರ್ಣ ಬಲ ಹಾಕುತ್ತದೆ, ಇಳಿಜಾರಿನಲ್ಲಿ ಉಸಿರು ಬಿಡುತ್ತದೆ. ದೋಣಿಗೆ ಇಳಿಜಾರಿಲ್ಲ, ನೀರು ಇಡೀ ಹೊತ್ತು ಎದುರೊತ್ತುತ್ತಲೇ ಇರುತ್ತದೆ. ಆದ್ದರಿಂದ ಲಾರಿಯಲ್ಲಿ ನೂರು ಅಶ್ವಶಕ್ತಿ ಎನಿಸಿದ ಎಂಜಿನ್ನಿನಿಂದ ದೋಣಿಯಲ್ಲಿ ಸತತವಾಗಿ ಅಷ್ಟು ಕೇಳಬಾರದು. ಮೂರನೆಯದು ವೇಗದ ಟರ್ಬೋ ಎಂಜಿನ್. ಹಗುರ, ಚುರುಕು, ಆದರೆ ಅಸಡ್ಡೆಯನ್ನು ಕ್ಷಮಿಸುವುದಿಲ್ಲ.

ಹಾಗಾದರೆ ಎಷ್ಟು ಬಲ ಬೇಕು? ಇಲ್ಲಿ ಹಡಗು ಕಟ್ಟುವವರ ಹಳೆಯ ಲೆಕ್ಕವೊಂದಿದೆ. ನೀರನ್ನು ಸೀಳಿ ಸಾಗುವ ಭಾರದ ದೋಣಿಗೆ, ನೀರಿಗೆ ತಾಗುವ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಅದರ ಸಹಜ ವೇಗದ ಮಿತಿ ಸಿಗುತ್ತದೆ. ಉದ್ದ 36 ಅಡಿ ಎನ್ನೋಣ. ವರ್ಗಮೂಲ 6, ವೇಗ ಸುಮಾರು 8 ನಾಟ್, ಅಂದರೆ ಗಂಟೆಗೆ ಹದಿನೈದು ಕಿಲೋಮೀಟರಿಗೆ ಹತ್ತಿರ. ಇದರಾಚೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತದೆ. ಬಲವನ್ನು ಮೂರು ಪಟ್ಟು ಮಾಡಿದರೂ ಸಿಗುವುದು ಚೂರು ವೇಗ, ಬಹಳ ಹೊಗೆ. ಡೀಸೆಲ್ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು ಐದನೇ ಒಂದು ಲೀಟರ್ ಕುಡಿಯುತ್ತದೆ. 40 ಅಶ್ವಶಕ್ತಿಗೆ ಎಂಟು ಲೀಟರ್, 120ಕ್ಕೆ ಇಪ್ಪತ್ತನಾಲ್ಕು. ಹತ್ತು ಟನ್ನಿನ ಅಂಥ ದೋಣಿಗೆ ನಲವತ್ತೇ ಸಾಕು. ಉಳಿದ ಹಣವನ್ನು ಒಳ್ಳೆಯ ಗೇರ್ ಬಾಕ್ಸ್, ದೊಡ್ಡ ಪ್ರೊಪೆಲ್ಲರಿಗೆ ಹಾಕುವುದು ಲೇಸು.

ಗುಜರಾತಿನ ಅಲಂಗ್‌ನಲ್ಲಿ 1983ರಿಂದ ಹಡಗು ಒಡೆಯುತ್ತಾರೆ, ಮುಂಬಯಿಯ ದಾರುಖಾನಾದಲ್ಲಿ ಅದಕ್ಕೂ ಹಿಂದಿನಿಂದ ಈ ವ್ಯಾಪಾರವಿದೆ. ಒಡೆದ ಹಡಗುಗಳ ರಕ್ಷಣಾ ದೋಣಿಗಳ ಡೀಸೆಲ್‌ಗಳು ಮಾರಾಟಕ್ಕೆ ಬರುತ್ತವೆ. ಅಂತರರಾಷ್ಟ್ರೀಯ ನಿಯಮದಂತೆ ಅವು ಮೈನಸ್ ಹದಿನೈದು ಡಿಗ್ರಿ ಚಳಿಯಲ್ಲೂ ಶುರುವಾಗಬೇಕು. ವರ್ಷಗಟ್ಟಲೆ ನೇತಾಡಿಕೊಂಡೇ ಇದ್ದುದರಿಂದ ಓಡಿದ ಗಂಟೆ ಕಡಿಮೆ. ಆದರೆ ನಿಂತ ಎಂಜಿನ್ನಿಗೂ ತುಕ್ಕು ಹಿಡಿಯುತ್ತದೆ ಎಂಬುದನ್ನು ಮರೆಯಬಾರದು.

ಖಾಡಿಯ ಕೆಸರು, ಕಾಗದದ ಕೆಲಸ

ಸುಮಾರು 26 ಕಿಲೋಮೀಟರ್ ಉದ್ದದ ಠಾಣೆ ಖಾಡಿ ಹೂಳಿನ ಖಾಡಿ. ಎಂಜಿನ್ ತಂಪಾಗಲು ಹೊರಗಿನ ನೀರನ್ನೇ ಒಳಗೆ ಎಳೆದುಕೊಂಡರೆ ಕೆಸರು ಜಾಲರಿಯನ್ನು ಕಟ್ಟುತ್ತದೆ, ಪಂಪಿನ ರಬ್ಬರ್ ಚಕ್ರವನ್ನು ತಿನ್ನುತ್ತದೆ. ಸಿಹಿನೀರನ್ನು ದೋಣಿಯ ತಳದ ಕೊಳವೆಗಳಲ್ಲಿ ಸುತ್ತಿಸಿ ತಂಪು ಮಾಡುವ ವ್ಯವಸ್ಥೆ ಇಲ್ಲಿಗೆ ಹೆಚ್ಚು ಒಗ್ಗುತ್ತದೆ.

ನೋಡಲು ಹೋಗುವಾಗ ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಯಾಕೆಂದು ಕೇಳಬೇಕು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಕಪ್ಪು ಹೊಗೆ ಎಂದರೆ ಭಾರ ಹೆಚ್ಚು ಅಥವಾ ಗಾಳಿ ಕಡಿಮೆ, ನೀಲಿ ಎಂದರೆ ಆಯಿಲ್ ಸುಡುತ್ತಿದೆ, ನಿಲ್ಲದ ಬಿಳಿ ಹೊಗೆ ಎಂದರೆ ನೀರೋ ಉರಿಯದ ಡೀಸೆಲೋ. ಕಟ್ಟಿಹಾಕಿದ ದೋಣಿಯಲ್ಲಿ ಕೇಳಿದ ಸದ್ದಿಗೆ ಬೆಲೆಯಿಲ್ಲ. ಒಂದೆರಡು ಗಂಟೆ ನೀರಿನಲ್ಲಿ, ಪೂರ್ಣ ಭಾರದಲ್ಲಿ ಓಡಿಸಬೇಕು. ಮರದ ದೋಣಿಯಾದರೆ ಮೇಲಕ್ಕೆಳೆಸಿ ಹುಳು ಕೊರೆದಿದೆಯೇ ನೋಡಬೇಕು. ಒಳ್ಳೆಯ ಎಂಜಿನ್ ಕೊಳೆತ ಹಲಗೆಯನ್ನು ಉಳಿಸಲಾರದು.

ಇನ್ನು ಕಾಗದ. 1917ರ ಒಳನಾಡ ಹಬೆನೌಕೆಗಳ ಕಾಯ್ದೆ ನೂರು ವರ್ಷ ದಾಟಿ ನಡೆಯಿತು, ಅದರ ಜಾಗಕ್ಕೆ 2021ರ ಒಳನಾಡ ನೌಕೆಗಳ ಕಾಯ್ದೆ ಬಂತು. ನಮ್ಮ ರಾಜ್ಯದಲ್ಲಿ 1996ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಮೆರಿಟೈಮ್ ಬೋರ್ಡ್ ಇದೆ. ನೋಂದಣಿ, ಸರ್ವೆ, ಎಷ್ಟು ಜನ ಹತ್ತಬಹುದೆಂಬ ಮಿತಿ ಇವು ಮಾಲೀಕನಿಗೆ ಕಿರಿಕಿರಿ ಎನಿಸಬಹುದು.

ಆದರೆ ಈ ನೀರು ಮರೆಯುವಂಥದ್ದಲ್ಲ. 1947ರ ಜುಲೈ 17ರಂದು ರೇವಸ್‌ಗೆ ಹೊರಟ 'ರಾಮದಾಸ್' ಹಬೆ ಹಡಗು ಮಳೆಗಾಲದ ಅಲೆಗೆ ಮಗುಚಿ ಆರು ನೂರಕ್ಕೂ ಹೆಚ್ಚು ಜನ ಹೋದರು. 2024ರ ಡಿಸೆಂಬರ್ 18ರಂದು ಎಂಜಿನ್ ಪರೀಕ್ಷೆ ನಡೆಸುತ್ತಿದ್ದ ನೌಕಾಪಡೆಯ ವೇಗದ ದೋಣಿ ನಿಯಂತ್ರಣ ತಪ್ಪಿ, ಎಲಿಫೆಂಟಾಕ್ಕೆ ಹೊರಟಿದ್ದ 'ನೀಲ್ ಕಮಲ್'ಗೆ ಅಪ್ಪಳಿಸಿ ಹದಿನೈದು ಜೀವಗಳು ಹೋದವು. ಎಂಜಿನ್ ಪರೀಕ್ಷೆಯನ್ನು ಜನ ಓಡಾಡುವ ದಾರಿಯಿಂದ ದೂರದಲ್ಲಿ, ಮೈಮೇಲೆ ಲೈಫ್ ಜಾಕೆಟ್ ತೊಟ್ಟೇ ಮಾಡಬೇಕು ಎಂದು ಹೇಳಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮತ್ತೆ ನೀರಿನ ಕಡೆಗೆ

1973ರಲ್ಲಿ ವಾಶಿ ಸೇತುವೆ ತೆರೆದಾಗ ಖಾಡಿ ದಾಟಲು ದೋಣಿ ಬೇಡವಾಯಿತು. 1999ರಲ್ಲಿ ಐರೋಲಿ ಸೇತುವೆ, 2024ರ ಜನವರಿಯಲ್ಲಿ ಅಟಲ್ ಸೇತು. ಆದರೂ 2022ರ ಫೆಬ್ರುವರಿಯಲ್ಲಿ ಬೇಲಾಪುರಕ್ಕೆ ವಾಟರ್ ಟ್ಯಾಕ್ಸಿ ಆರಂಭಿಸಿದಾಗ ಜನರ ಕಣ್ಣಲ್ಲಿ ಆಸೆ ಕಂಡಿತ್ತು. ಅದೇ ವರ್ಷ ರಾಜಹಂಸಗಳು ಬರುವ ನಮ್ಮ ಖಾಡಿ ರಾಮ್ಸರ್ ಪಟ್ಟಿಗೂ ಸೇರಿತು. ಸೋರುವ ಡೀಸೆಲಿನ ಒಂದೊಂದು ತೊಟ್ಟಿಗೂ ಈಗ ಲೆಕ್ಕ ಕೇಳುವವರಿದ್ದಾರೆ, ಅದು ಒಳ್ಳೆಯದೇ.

ದೋಣಿ ಕೊಳ್ಳುವ ಗೆಳೆಯರು ದಲ್ಲಾಳಿಯ ಹತ್ತಿರ ಹೋಗುವ ಮುನ್ನ ದಿವಾಳೆಯ ಕೋಳಿವಾಡಕ್ಕೋ ಚೆಂದಣಿಗೋ ಒಂದು ಭಾನುವಾರ ಹೋಗಿಬನ್ನಿ. ವಯಸ್ಸಾದ ತಾಂಡೇಲರೊಬ್ಬರ ಪಕ್ಕ ಕೂತು, "ಕಾಕಾ, ನಿಮ್ಮ ದೋಣಿಗೆ ಮೊದಲು ಯಾವ ಎಂಜಿನ್ ಹಾಕಿಸಿದಿರಿ, ಯಾಕೆ?" ಎಂದು ಕೇಳಿ. ಅವರ ಉತ್ತರದಲ್ಲಿ ಸಾಲದ ಕಂತು, ಮಳೆಗಾಲ, ಮಿಸ್ತ್ರಿಯ ಹೆಸರು ಎಲ್ಲವೂ ಬರುತ್ತದೆ. ಕೇಳಿದ್ದನ್ನು ನಮಗೂ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಓದೋಣ.